ಮೊದಲ ಗೆರೆಯವರೆಗೆ

ಬೆರಳ ತುದಿಯಿಂದ ಮೊದಲ ಗೆರೆಯವರೆಗೆ,
ಅಷ್ಟೇ ಸಾಕು, ಅಂದರು ಡಾಕ್ಟರಮ್ಮ,
ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಯ
ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ
ತಮ್ಮ ತೋರುಬೆರಳನ್ನೇ ಮುಂದೆ ಹಿಡಿದು.

ನಾನು ನನ್ನದನ್ನು ನೋಡಿಕೊಂಡೆ.
ಗೆರೆ ಎಲ್ಲಿದೆ?
ಹನ್ನೊಂದು ವರ್ಷ ಶಿಡ್ಲಘಟ್ಟದ ಬಿಸಿನೀರ ಬೇಸಿನ್ನಿನಲ್ಲಿ
ಗೂಡಿನ ಎಳೆ ಹುಡುಕಿ ಹುಡುಕಿ
ಬೆಂದು, ಊದಿ, ಸುಲಿದು
ತುದಿಗಳೆಲ್ಲ ನುಣ್ಣಗಾಗಿವೆ.
ರೇಷನ್ ಅಂಗಡಿಯ ಮೆಷಿನ್ನಿಗೂ
ಮೂರು ಸಲ ಒತ್ತಿದರೇ ನಾನು ನಾನು.

ಲಿಖಿತ ತನ್ನ ಬೆರಳು ಚಾಚಿದಳು, ಇದರಲ್ಲಿ ಅಳಿ ಅಂತ.
ದೊಡ್ಡವರದ್ದೇ ಆಗಬೇಕು ಪುಟ್ಟಿ,
ಅಂದರು ಡಾಕ್ಟರಮ್ಮ, ನಗುತ್ತಾ.

ರೆಪ್ಪೆಗೆ ಒಂದು ಟ್ಯೂಬು, ಮಂಡಿಗೆ ಇನ್ನೊಂದು.
ಮಂಡಿಯದ್ದು ಐದು ದಿನ ಹಚ್ಚಿ ಎರಡು ದಿನ ಬಿಡಿ.
ರೆಪ್ಪೆಯದ್ದು ಮೊದಮೊದಲು ಉರಿಯುತ್ತೆ, ಹೆದರಬೇಡಿ.

ಉರಿಯಿತು.
ಮೆಣಸಿನಕಾಯಿ ಕೈ ಕಣ್ಣಿಗೆ ತಾಗಿದ ಹಾಗೆ.
ಒಂದು ವಾರ ರಾತ್ರಿ ಊದುತ್ತಾ ಕೂತೆ,
ಒಲೆಗೆ ಊದುವಂತಲ್ಲ,
ಲೋಟದ ಹಾಲಿನ ಕೆನೆ ಸರಿಸುವಂತೆ.

ಅತ್ತೆ ಗೋಡೆ ಕಡೆ ತಿರುಗಿ ಬೊಲ್ಲಿ ಅಂದರು,
ತೆಲುಗಿನಲ್ಲಿ ಅಂದರೆ ಮಗುವಿಗೆ ತಿಳಿಯದು ಎಂಬಂತೆ.
ನಮ್ಮೂರಲ್ಲಿ ಗೋಡೆಗೂ ಎರಡು ಭಾಷೆ ಬರುತ್ತೆ.
ಮೀನು ತಿಂದ ದಿನ ಹಾಲು ಕೊಟ್ಟೆ ನೀನು, ಅಂದರು.
ಮೀನು ತಂದ ದಿನ
ಹಾಲಿಗೂ ದುಡ್ಡು ಉಳಿದ ನೆನಪಿಲ್ಲ ನನಗೆ.

ಪಕ್ಕದ ಬೇಸಿನ್ನಿನ ಮೆಹಬೂಬಿ
ಬಾವಂಚಿ ಬೀಜ ಅರೆದು ಹಚ್ಚು ಅಂದವಳು
ಮಾರನೇ ದಿನ ತಾನೇ ಓಡಿಬಂದಳು:
ಬೇಡ ಕಣೇ, ನನ್ನ ತಂಗಿ ಮಗನಿಗೆ
ಅಂಗೈಯಗಲ ಬೊಬ್ಬೆ ಎದ್ದಿತ್ತು, ಮರೆತೇಬಿಟ್ಟಿದ್ದೆ.

ಟ್ಯೂಬಿಗೆ ಎರಡು ದಿನದ ಕೂಲಿ.
ಬಾಲದಿಂದ ಸುರುಳಿ ಸುತ್ತಿ,
ಲಟ್ಟಣಿಗೆ ಉರುಳಿಸಿ,
ಕೊನೆಗೆ ಕತ್ತರಿಯಲ್ಲಿ ಸೀಳಿ ಒಳಗಿನದನ್ನೂ ಬಳಿದು
ನಾಲ್ಕು ತಿಂಗಳು.

ಮೊನ್ನೆ ಭಾನುವಾರ ನೀರು ಹಾಕುವಾಗ
ಮಂಡಿಯ ಬಿಳುಪಿನ ಮೇಲೆ ಮಣ್ಣು.
ಎಲ್ಲಿ ಬಿದ್ದು ಬಂದೆ ಅಂತ ಬೈದು
ನಾರು ತೆಗೆದು ಉಜ್ಜಿದೆ. ಹೋಗಲಿಲ್ಲ.
ಇನ್ನೂ ಉಜ್ಜಿದೆ.

ಅಮ್ಮಾ, ತೆಗೀಬೇಡ, ಅದು ನಂದು!

ಕೈಯಿಂದ ನಾರು ಜಾರಿತು.
ಬಗ್ಗಿ ನೋಡಿದೆ. ಮಣ್ಣಲ್ಲ.
ಒಂದೊಂದು ಕೂದಲ ಬುಡದಲ್ಲಿ ಒಂದೊಂದು ಚುಕ್ಕೆ,
ರಾಗಿ ಕಾಳಿನಷ್ಟು, ಅಷ್ಟೂ ಇಲ್ಲ,
ಕಂದು. ನನ್ನದೇ ಬಣ್ಣ.
ಅವಳು ಆಗಲೇ ಎಣಿಸಿ ಇಟ್ಟಿದ್ದಳಂತೆ: ಹದಿಮೂರು.
ಯಾಕೆ ಹೇಳಲಿಲ್ಲವೇ ಅಂದರೆ
ಹೇಳಿದ್ರೆ ಓಡಿಹೋಗ್ತವೇನೋ ಅಂತ.

ಅತ್ತೆ ಕನ್ನಡಕ ಹಾಕಿಕೊಂಡು ಬಂದು
ತೆಲುಗಿನಲ್ಲಿ ಎಣಿಸಿದರು.
ಹನ್ನೆರಡೇ ಬಂತು.
ಅಜ್ಜಿಗೂ ಮೊಮ್ಮಗಳಿಗೂ
ರಾತ್ರಿ ಊಟದವರೆಗೆ ಜಗಳ.

ಅವಳ ಬೆರಳ ತುದಿಗಳ ಬಿಳುಪು ಮಾತ್ರ ಹಾಗೇ ಇದೆ.
ಅಲ್ಲಿ ಕೂದಲಿಲ್ಲ, ಬಣ್ಣ ಹತ್ತಿ ಬರಲು ದಾರಿಯಿಲ್ಲ,
ಬರಬಹುದು, ಬರದೆಯೂ ಇರಬಹುದು,
ಅಂದಿದ್ದಾರೆ ಡಾಕ್ಟರಮ್ಮ.

ಮತ್ತೆ ನಿನ್ನೆ, ಜಡೆ ಹಾಕುವಾಗ, ಕಿವಿಯ ಹಿಂದೆ
ಅಕ್ಕಿ ಕಾಳಿನಷ್ಟು ಹೊಸದು.
ಇನ್ನೂ ಯಾರಿಗೂ ಹೇಳಿಲ್ಲ.
ಹೇಳಿದರೆ ಓಡಿಹೋಗುವಂಥದ್ದಲ್ಲ ಅದು, ಗೊತ್ತು.

ರಾತ್ರಿ ಪಾತ್ರೆ ತೊಳೆದು ಕೈ ಒರೆಸಿ ಕೂತರೆ
ಲಿಖಿತ ನೀಲಿ ಪೆನ್ನು ಹಿಡಿದು
ನನ್ನ ತೋರುಬೆರಳಿಗೆ ಅಡ್ಡ ಗೆರೆ ಎಳೆಯುತ್ತಾಳೆ.
ತುದಿಯಿಂದ ಅಲ್ಲಿಯವರೆಗೆ
ಬಿಳೀ ಮುಲಾಮು ಹುಳುವಿನಂತೆ ಮಲಗುತ್ತದೆ.

ಬೆಳಿಗ್ಗೆ ಬೇಸಿನ್ನಿನ ಮುಂದೆ ರಿಯಾಜಣ್ಣ ರೇಗುತ್ತಾನೆ:
ಶಾಯಿ ಹತ್ತಿದರೆ ನೂಲಿಗೆ ರೇಟು ಬೀಳುತ್ತಮ್ಮಾ,
ತೊಳಕೊಂಡು ಬಾ.
ತೊಳೆದೇ ಬಂದಿರುತ್ತೇನೆ.
ಸ್ವಲ್ಪ ಉಳಿದಿರುತ್ತೆ.